ಕೊನೆ ಗೊತ್ತಿದ್ದೂ ಕೇಳುವ ಕಥೆ

ಸಾಲ ಹೆಚ್ಚಾಗಿ, ಹೆಂಡತಿಯ ಕೈಲಿ ಬೈಸಿಕೊಂಡು ಸಾಯಲು ಹೊರಟ ಒಬ್ಬನಿಗೆ ದಾರಿಯಲ್ಲಿ ಸಾವಿನ ದೇವರು ಎದುರಾಗುತ್ತಾನೆ. ನಿನಗಿನ್ನೂ ಆಯಸ್ಸಿದೆ, ಹೋಗಿ ವೈದ್ಯನಾಗು ಎಂದು ಒಂದು ಗುಟ್ಟು ಹೇಳಿಕೊಡುತ್ತಾನೆ. ರೋಗಿಯ ಕಾಲ ಬಳಿ ಸಾವಿನ ದೇವರು ಕೂತಿದ್ದರೆ ಮಂತ್ರ ಹೇಳಿ ಚಪ್ಪಾಳೆ ತಟ್ಟು, ಅವನು ಎದ್ದು ಹೋಗುತ್ತಾನೆ. ತಲೆಯ ಬಳಿ ಕೂತಿದ್ದರೆ ಕೈಬಿಡು. ನಮ್ಮವನು ಹೆಸರು ಮಾಡುತ್ತಾನೆ, ದುಡ್ಡು ಮಾಡುತ್ತಾನೆ, ಅಷ್ಟೇ ಬೇಗ ಕಳೆದುಕೊಳ್ಳುತ್ತಾನೆ. ಕೊನೆಗೊಬ್ಬ ಶ್ರೀಮಂತನ ಮನೆಗೆ ಕರೆ ಬರುತ್ತದೆ. ದೇವರು ಕೂತಿರುವುದು ತಲೆಯ ಬಳಿ. ಅವನು ತೂಕಡಿಸುವುದನ್ನೇ ಕಾದು, ನಮ್ಮವನು ನಾಲ್ಕು ಜನರಿಂದ ಹಾಸಿಗೆಯನ್ನು ಸರಕ್ಕನೆ ತಿರುಗಿಸಿಬಿಡುತ್ತಾನೆ. ತಲೆಯಿದ್ದ ಕಡೆ ಕಾಲು! ರೋಗಿ ಎದ್ದು ಕೂರುತ್ತಾನೆ. ಮೋಸಹೋದ ದೇವರು ಇವನನ್ನು ನೆಲದಡಿಯ ಗುಹೆಗೆ ಕರೆದೊಯ್ಯುತ್ತಾನೆ. ಅಲ್ಲಿ ಸಾಲುಸಾಲು ಮೇಣದಬತ್ತಿ, ಒಂದೊಂದೂ ಒಬ್ಬೊಬ್ಬರ ಜೀವ. ಇವನದು ಆರುವ ಹಂತದಲ್ಲಿದೆ. ಹೊಸದೊಂದು ಬತ್ತಿ ಕೊಟ್ಟು, ಉರಿಯನ್ನು ಇದಕ್ಕೆ ದಾಟಿಸು, ಬದುಕುತ್ತೀಯ ಎನ್ನುತ್ತಾನೆ ದೇವರು. ಕೈ ನಡುಗುತ್ತದೆ. ಇನ್ನಷ್ಟು ನಡುಗುತ್ತದೆ. ಇಷ್ಟು ಹೇಳಿದ ಕಥೆಗಾರ ಕೂತಲ್ಲೇ ಮುಂದಕ್ಕೆ ಕವುಚಿ ಬೀಳುತ್ತಾನೆ. ಕಥೆ ಮುಗಿಯಿತು.

ಇದು ‘ಶಿನಿಗಾಮಿ’. ಜಪಾನಿನ ರಾಕುಗೊ ಎಂಬ ಕಥೆ ಹೇಳುವ ಕಲೆಯಲ್ಲಿ ತುಂಬ ಹೆಸರಾದದ್ದು. 19ನೇ ಶತಮಾನದ ಮಹಾ ಕಥೆಗಾರ ಸಾನ್‌ಯೂತೆಯ್ ಎಂಚೊ ಯುರೋಪಿನ ಕಥೆಯೊಂದನ್ನು ಜಪಾನಿಗೆ ಒಗ್ಗಿಸಿ ಕಟ್ಟಿದ್ದು; ಗ್ರಿಮ್ ಸೋದರರ ಸಂಗ್ರಹದಲ್ಲಿಯೂ ಇದರ ದಾಯಾದಿ ಇದೆ. ಟೋಕಿಯೊದ ಯೊಸೆಗಳಲ್ಲಿ, ಎಂದರೆ ಮುಖ್ಯವಾಗಿ ರಾಕುಗೊ ನಡೆಯುವ ಸಣ್ಣ ರಂಗಮಂದಿರಗಳಲ್ಲಿ, ಇದನ್ನು ಕೇಳಲು ಕೂತವರಲ್ಲಿ ಹೆಚ್ಚಿನವರಿಗೆ ಬತ್ತಿ ಆರುತ್ತದೆ ಎಂದು ಮೊದಲೇ ಗೊತ್ತು. ಹಾಗಿದ್ದೂ ಟಿಕೆಟ್ ಕೊಂಡು ಬರುತ್ತಾರೆ, ಇವತ್ತಿನ ಕಥೆಗಾರ ಹೇಗೆ ಬೀಳುತ್ತಾನೆ ನೋಡೋಣ ಅಂತ.

‘ಶೋವಾ ಗೆನ್‌ರೋಕು ರಾಕುಗೊ ಶಿಂಜು’ ಎಂಬ ಅನಿಮೆ ಸರಣಿಯನ್ನು ಈಚೆಗೆ ಮತ್ತೆ ಕೂತು ನೋಡಿದಾಗ ನನಗೆ ಅನಿಸಿದ್ದೂ ಇದೇ. ಮೊದಲ ಸಲ ನೋಡುವಾಗ ಮುಂದೇನು, ಯಾರು ಯಾರನ್ನು ಕೊಂದರು ಎಂಬ ಕುತೂಹಲದಲ್ಲಿ ಸರಸರ ನೋಡಿ ಮುಗಿಸಿದ್ದೆ. ಈ ಸರಣಿಯನ್ನು ನೋಡಬೇಕಾದ ಕ್ರಮ ಅದಲ್ಲ. ಇದು ಎರಡನೇ ಸಲಕ್ಕೆಂದೇ ಮಾಡಿದ್ದು.

ಹಾರುಕೊ ಕುಮೊತಾ ಎಂಬ ಲೇಖಕಿ 2010ರಿಂದ 2016ರವರೆಗೆ ಬರೆದು ಚಿತ್ರಿಸಿದ, ಹತ್ತು ಸಂಪುಟಗಳ ಮಾಂಗಾ ಇದರ ಮೂಲ. ಅದಕ್ಕೆ 2014ರಲ್ಲಿ ಕೊದಾನ್ಶಾ ಪ್ರಶಸ್ತಿ ಬಂತು. ಸ್ಟುಡಿಯೊ ಡೀನ್ ಅದನ್ನು ಅನಿಮೆಗೆ ತಂದಿತು, ನಿರ್ದೇಶನ ಶಿನಿಚಿ ಒಮಾತಾ ಅವರದು. ಮೊದಲ ಭಾಗದ ಹದಿಮೂರು ಕಂತು 2016ರಲ್ಲಿ, ಎರಡನೆಯದರ ಹನ್ನೆರಡು ಕಂತು 2017ರಲ್ಲಿ ಪ್ರಸಾರವಾದವು. ವಿಮರ್ಶಕರು ಹೊಗಳಿದರು. ಆದರೆ ಅದೇ 2016ರಲ್ಲಿ ‘ಮೈ ಹೀರೊ ಅಕಾಡೆಮಿಯಾ’ ಶುರುವಾಯಿತು, ‘ರೀ ಝೀರೊ’ ಬಂತು, ‘ಯೂರಿ ಆನ್ ಐಸ್’ ಬಂತು, ಚಿತ್ರಮಂದಿರಗಳಲ್ಲಿ ‘ಯುವರ್ ನೇಮ್’ ಅಬ್ಬರಿಸಿತು. ಹಲ್ಲುದುರಿದ ಮುದುಕನೊಬ್ಬ ದಿಂಬಿನ ಮೇಲೆ ಮಂಡಿಯೂರಿ ಕೂತು ಹತ್ತು ನಿಮಿಷ ಮಾತಾಡುವುದನ್ನು ನೋಡುವ ವ್ಯವಧಾನ ಯಾರಿಗಿತ್ತು?

ನಮ್ಮಲ್ಲಂತೂ ಅನಿಮೆ ಎಂದರೆ ಇನ್ನೂ ಮಕ್ಕಳ ಸಮಾಚಾರ. ಡೋರೆಮಾನ್, ಶಿನ್‌ಚಾನ್ ನೋಡುತ್ತ ಕನ್ನಡದ ಮನೆಗಳ ಮಕ್ಕಳು ಹಿಂದಿ ಕಲಿತದ್ದೇ ನಮಗೆ ಗೊತ್ತಿರುವ ಅನಿಮೆ ಚರಿತ್ರೆ. ಸ್ವಲ್ಪ ದೊಡ್ಡವರಾದವರು ಕತ್ತಿ, ರಾಕ್ಷಸ, ರಕ್ತ ಇರುವ ಸರಣಿಗಳಿಗೆ ಬಡ್ತಿ ಪಡೆಯುತ್ತಾರೆ. ‘ವಯಸ್ಕರಿಗೆ ಮಾತ್ರ’ ಎಂದರೆ ಹೊಡೆದಾಟ ಇಲ್ಲವೇ ಮೈಮಾಟ ಎಂಬುದು ನಮ್ಮ ತಿಳಿವಳಿಕೆ. ಈ ಸರಣಿಯಲ್ಲಿ ಎರಡೂ ಹೆಚ್ಚಿಲ್ಲ. ಇಲ್ಲಿರುವುದು ತನಗಿಂತ ಪ್ರತಿಭಾವಂತನಾದ ಗೆಳೆಯನ ಮೇಲಿನ ಹೊಟ್ಟೆಕಿಚ್ಚು, ಬೇಡವೆಂದು ಬಿಟ್ಟ ಹೆಣ್ಣಿನ ಬಗೆಗಿನ ಅಳುಕು, ಇನ್ನೊಬ್ಬರ ಮಗುವನ್ನು ಸಾಕುವ ಹೊರೆ, ಗಂಟಲು ಕೈಕೊಡುವ ಮುಪ್ಪು. ಇಪ್ಪತ್ತರ ವಯಸ್ಸಿನವರು ನೋಡಬಾರದು ಎಂದೇನಲ್ಲ. ನಲವತ್ತರ ನಂತರ ನೋಡಿದರೆ ಬೇರೆ ಕಡೆ ನಾಟುತ್ತದೆ.

ರಾಕುಗೊ ಹೇಗಿರುತ್ತದೆ? ನಮ್ಮ ಹರಿಕಥೆಯನ್ನು ನೆನಪಿಸಿಕೊಳ್ಳಿ. ಅದರಿಂದ ಹಾಡು, ತಾಳ, ಹಾರ್ಮೋನಿಯಂ, ಕುಣಿತ, ದೇವರು ಎಲ್ಲ ತೆಗೆಯಿರಿ. ದಾಸರನ್ನು ಕೂರಿಸಿ, ಕಥೆ ಮುಗಿಯುವವರೆಗೆ ಏಳಕೂಡದು ಎಂದು ಕಟ್ಟುಮಾಡಿ. ಉಳಿಯುವುದು ರಾಕುಗೊ. ಕಿಮೊನೊ ತೊಟ್ಟ ಒಬ್ಬ, ಒಂದು ದಿಂಬು, ಒಂದು ಮಡಚುವ ಬೀಸಣಿಗೆ, ಒಂದು ಕೈವಸ್ತ್ರ. ಮುಖ ಒಂದು ಕಡೆ ತಿರುಗಿದರೆ ಮನೆಯ ಯಜಮಾನ, ಇನ್ನೊಂದು ಕಡೆ ತಿರುಗಿದರೆ ಬಾಡಿಗೆ ಬಾಕಿ ಉಳಿಸಿಕೊಂಡವನು. ಮಡಚಿದ ಬೀಸಣಿಗೆ ನೂಡಲ್ಸ್ ತಿನ್ನುವ ಕಡ್ಡಿಯಾಗುತ್ತದೆ, ತಂಬಾಕು ಸೇದುವ ಕೊಳವೆಯಾಗುತ್ತದೆ, ಕತ್ತಿಯಾಗುತ್ತದೆ. ಕೈವಸ್ತ್ರ ಪತ್ರವಾಗುತ್ತದೆ, ದುಡ್ಡಿನ ಚೀಲವಾಗುತ್ತದೆ. ಶಿಷ್ಯನಾಗಿ ಸೇರಿದವನು ಮೊದಲು ಝೆಂಝಾ: ಚಹಾ ಕೊಡಬೇಕು, ಗುರುವಿನ ಕಿಮೊನೊ ಮಡಿಸಬೇಕು, ಒಬ್ಬ ಕಥೆಗಾರ ಎದ್ದ ಮೇಲೆ ಮುಂದಿನವನಿಗಾಗಿ ದಿಂಬನ್ನು ಮಗುಚಿ ಹಾಕಬೇಕು. ಆಮೇಲೆ ಫುತಾತ್ಸುಮೆ. ಅದೂ ದಾಟಿದರೆ ಶಿನ್‌ಉಚಿ, ತಾನೇ ಗುರುವಾಗುವ ಅರ್ಹತೆ. ದೊಡ್ಡ ಹೆಸರುಗಳು ಗುರುವಿನಿಂದ ಶಿಷ್ಯನಿಗೆ ಬರುತ್ತವೆ, ಸಿಂಹಾಸನದ ಹಾಗೆ ಸಂಖ್ಯೆ ಸಮೇತ.

ಸರಣಿಯ ನಾಯಕ ಅಂಥ ಒಂದು ಕಲ್ಪಿತ ಪರಂಪರೆಯ ಎಂಟನೆಯ ಯಾಕುಮೊ. ಶಿಷ್ಯರನ್ನು ತೆಗೆದುಕೊಳ್ಳದ, ರಾಕುಗೊ ತನ್ನೊಂದಿಗೇ ಸಾಯಲಿ ಎಂದು ಕಾಯುತ್ತಿರುವ, ನಾಲಗೆ ಹರಿತವಾದ ಮುದುಕ. ಜೈಲಿನಲ್ಲಿ ಅವನ ‘ಶಿನಿಗಾಮಿ’ ಕೇಳಿ ಮರುಳಾದ ಒಬ್ಬ ಪುಡಿ ರೌಡಿ, ಬಿಡುಗಡೆಯಾದ ದಿನವೇ ಬಂದು ಕಾಲು ಹಿಡಿಯುತ್ತಾನೆ. ಯಾಕುಮೊ ಯಾಕೋ ಒಪ್ಪಿ, ಅವನಿಗೆ ಯೊತಾರೊ ಎಂದು ಹೆಸರಿಡುತ್ತಾನೆ. ರಾಕುಗೊ ಕಥೆಗಳಲ್ಲಿ ಬರುವ ಪೆದ್ದನ ಹೆಸರದು. ಮನೆಯಲ್ಲಿ ಕೊನಾತ್ಸು ಎಂಬ ಯುವತಿ ಇದ್ದಾಳೆ. ಯಾಕುಮೊನ ಗೆಳೆಯ, ಎದುರಾಳಿ, ಅಕಾಲದಲ್ಲಿ ಸತ್ತ ಮಹಾ ಕಥೆಗಾರ ಸುಕೆರೊಕುವಿನ ಮಗಳು. ತನ್ನ ಅಪ್ಪನನ್ನು ಕೊಂದವನು ಇವನೇ ಎಂದು ನಂಬಿ, ಅವನ ಅನ್ನ ಉಂಡೇ ಅವನನ್ನು ದ್ವೇಷಿಸುವವಳು. ಎಂದಾದರೂ ನಿನ್ನನ್ನು ಕೊಲ್ಲುತ್ತೇನೆ ಎಂದು ಮುಖಕ್ಕೇ ಹೇಳುತ್ತಾಳೆ. ಯಾಕುಮೊ ಸಿಟ್ಟಾಗುವುದಿಲ್ಲ.

ಮೊದಲ ಕಂತೇ ಸುಮಾರು ಮುಕ್ಕಾಲು ಗಂಟೆಯದು. ಅದರಲ್ಲಿ ಯೊತಾರೊ, ಗುರು ವೇದಿಕೆಯ ಮೇಲಿರುವಾಗ ಮರೆಯಲ್ಲಿ ಕೂತು ಗೊರಕೆ ಹೊಡೆಯುತ್ತಾನೆ. ಮನೆಯಿಂದ ಹೊರಗೆ ಬೀಳುತ್ತಾನೆ. ಹಿಮದಲ್ಲಿ ನಿಂತು ಕಾಡಿ ಬೇಡಿದ ಮೇಲೆ ಯಾಕುಮೊ ಮೂರು ಮಾತು ತೆಗೆದುಕೊಳ್ಳುತ್ತಾನೆ. ನನ್ನದೂ ಸುಕೆರೊಕುವಿನದೂ ರಾಕುಗೊ ಪೂರ್ತಿ ಕಲಿಯಬೇಕು. ರಾಕುಗೊ ಉಳಿಯುವ ದಾರಿ ಹುಡುಕಬೇಕು. ನನಗಿಂತ ಮೊದಲು ಸಾಯಬಾರದು. ಆಮೇಲೆ ಯೊತಾರೊ, ಕೊನಾತ್ಸು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ತನ್ನ ಮತ್ತು ಸುಕೆರೊಕುವಿನ ಕಥೆ ಹೇಳತೊಡಗುತ್ತಾನೆ. ಮೊದಲ ಭಾಗದ ಉಳಿದ ಕಂತುಗಳೆಲ್ಲ ಹೆಚ್ಚುಕಡಿಮೆ ಆ ಕಥೆಯೇ.

ಇಲ್ಲಿಂದ ಮುಂದೆ ಕಥೆಯ ಗುಟ್ಟು ಹೊರಬೀಳುತ್ತದೆ. ಗುಟ್ಟು ಬೇಡದವರು ಪುಟ ತಿರುಗಿಸಬಹುದು. ನಾನಾದರೆ ಓದಿಕೊಂಡೇ ನೋಡುತ್ತಿದ್ದೆ.

ಯಾಕುಮೊ ಹೇಳುವ ಕಥೆ ಹೀಗೆ. ಗೇಯ್ಶಾ ಮನೆಯಲ್ಲಿ ನೃತ್ಯ ಕಲಿಯುತ್ತಿದ್ದ, ಕಾಲು ಊನವಾದ ಮೇಲೆ ಬೇಡವಾದ ಹುಡುಗ ಕಿಕುಹಿಕೊ, ಎಂದರೆ ಚಿಕ್ಕಂದಿನ ಇವನೇ, ಏಳನೆಯ ಯಾಕುಮೊನ ಮನೆ ಸೇರುತ್ತಾನೆ. ಅದೇ ದಿನ ಇನ್ನೊಬ್ಬ, ಕೊಳಕು ಬಟ್ಟೆಯ ಅನಾಥ ಹುಡುಗ ಬರುತ್ತಾನೆ, ಮುಂದೆ ಸುಕೆರೊಕು ಆಗುವವನು. ಇವನಿಗೆ ಒಂದು ಕಥೆಯೂ ಬಾರದು, ಅವನಿಗೆ ಆಗಲೇ ಜನರನ್ನು ನಗಿಸಲು ಬರುತ್ತದೆ. ಇಬ್ಬರೂ ಅಣ್ಣತಮ್ಮಂದಿರಂತೆ ಬೆಳೆಯುತ್ತಾರೆ. ಯುದ್ಧ ಬರುತ್ತದೆ, ಗುರು ಮತ್ತು ಸುಕೆರೊಕು ಸೈನಿಕರನ್ನು ರಂಜಿಸಲು ಮಂಚೂರಿಯಾಕ್ಕೆ ಹೋಗುತ್ತಾರೆ. ಮರಳುವಾಗ ಗುರು ಮಿಯೊಕಿಚಿ ಎಂಬಾಕೆಯನ್ನು ಜೊತೆಗೆ ತರುತ್ತಾನೆ. ಅವಳಿಗೆ ಕಿಕುಹಿಕೊ ಮೇಲೆ ಪ್ರೀತಿ. ಅವನು ವೃತ್ತಿಗಾಗಿ ಅವಳನ್ನು ಬಿಡುತ್ತಾನೆ. ಗುರುಮನೆಯಿಂದ ಹೊರದಬ್ಬಿಸಿಕೊಂಡ ಸುಕೆರೊಕು ಮತ್ತು ಗರ್ಭಿಣಿ ಮಿಯೊಕಿಚಿ ಊರು ಬಿಡುತ್ತಾರೆ. ವರ್ಷಗಳ ನಂತರ ಬಿಸಿನೀರ ಬುಗ್ಗೆಯ ಹಳ್ಳಿಯೊಂದರಲ್ಲಿ ಕಿಕುಹಿಕೊ ಅವರನ್ನು ಹುಡುಕುತ್ತಾನೆ. ಕುಡಿತಕ್ಕೆ ಬಿದ್ದು ಮಾತು ನಿಲ್ಲಿಸಿದ ಅಪ್ಪ, ಸೋಬಾ ಅಂಗಡಿಯಲ್ಲಿ ಗಿರಾಕಿಗಳಿಗೆ ಕಥೆ ಹೇಳಿ ಕಾಸು ಗಳಿಸುವ ಪುಟ್ಟ ಮಗಳು. ಗೆಳೆಯರಿಬ್ಬರೂ ಊರವರ ಮುಂದೆ ಮತ್ತೆ ಕಥೆ ಹೇಳುತ್ತಾರೆ. ಅದೇ ರಾತ್ರಿ ಮಿಯೊಕಿಚಿ ಬರುತ್ತಾಳೆ, ಜಗಲಿಯ ಕಟಕಟೆ ಮುರಿಯುತ್ತದೆ, ಗಂಡ ಹೆಂಡತಿ ಕೆಳಗೆ ಬಿದ್ದು ಸಾಯುತ್ತಾರೆ.

ಇದು ಸುಳ್ಳು. ಪೂರ್ತಿಯಲ್ಲ, ಕೊನೆ ಮಾತ್ರ. ಎರಡನೇ ಭಾಗದಲ್ಲಿ ಹಳೆಯ ಚಾಲಕ ಮಾತ್ಸುದಾ ಬಾಯಿ ಬಿಡುತ್ತಾನೆ. ಆ ರಾತ್ರಿ ಸುಕೆರೊಕುವಿಗೆ ಚಾಕು ಬಿದ್ದಿತ್ತು. ರಕ್ತ ನೋಡಿದ ಪುಟ್ಟ ಕೊನಾತ್ಸು ತನ್ನ ಅಮ್ಮನ ಮೇಲೆ ನುಗ್ಗಿ ದೂಡಿದಳು. ಬೀಳುವ ಹೆಂಡತಿಯನ್ನು ಹಿಡಿಯಲು ಹೋಗಿ ಸುಕೆರೊಕು ತಾನೂ ಬಿದ್ದ. ಮಗುವಿಗೆ ಅದು ಮರೆತೇಹೋಯಿತು. ಅವಳಿಗೆ ನೆನಪಾಗಬಾರದೆಂದು ಯಾಕುಮೊ ಅಪವಾದವನ್ನೆಲ್ಲ ತನ್ನ ತಲೆಗೆ ಕಟ್ಟಿಕೊಂಡ. ಅವಳು ಕೊಲೆಗಾರ ಎಂದಾಗ ಸಿಟ್ಟಾಗದೆ ಇರುವುದು ಮುದುಕನ ಕೊಬ್ಬು ಎಂದು ಮೊದಲ ಸಲ ಅನಿಸುತ್ತದೆ. ಎರಡನೇ ಸಲ ಅದೇ ದೃಶ್ಯದಲ್ಲಿ ಅವನ ಕಣ್ಣು ನೋಡಿ. ಅವಳ ದ್ವೇಷ ಆರದ ಹಾಗೆ ಅವನು ಕಾಯುತ್ತಿದ್ದಾನೆ. ದ್ವೇಷಿಸಲು ಒಬ್ಬ ಎದುರಿಗಿರುವತನಕ ಅವಳು ಬೇರೆಲ್ಲೂ ಹುಡುಕುವುದಿಲ್ಲ.

ಗುಟ್ಟು ತಿಳಿದ ಮೇಲೆ ಮೊದಲ ಭಾಗದ ಪ್ರತಿ ಕಂತೂ ಮಗ್ಗುಲು ಬದಲಿಸುತ್ತದೆ. ಯಾಕುಮೊ ಇರದೇ ಇದ್ದ ಕೋಣೆಗಳಲ್ಲಿ ನಡೆದ ಮಾತುಗಳು ಅವನ ಕಥೆಯಲ್ಲಿ ಹೇಗೆ ಬಂದವು? ಸುಕೆರೊಕು, ಮಿಯೊಕಿಚಿ ಇಬ್ಬರೇ ಇದ್ದಾಗ ಆಡಿದ್ದು ಇವನಿಗೆ ಯಾರು ಹೇಳಿದರು? ಮೊದಲ ಸಲ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಸಿನಿಮಾ ಎಂದರೆ ಕ್ಯಾಮೆರಾ ಎಲ್ಲೆಡೆ ಇರುತ್ತದಲ್ಲ. ಆದರೆ ಇದನ್ನು ಹೇಳುತ್ತಿರುವವನು ದಿಂಬಿನ ಮೇಲೆ ಕೂತು ಎಲ್ಲ ಪಾತ್ರವನ್ನೂ ತಾನೇ ಆಡುವ ಕಸುಬಿನವನು. ಮುಖ ಅತ್ತ ತಿರುಗಿಸಿ ಗೆಳೆಯನಾಗುತ್ತಾನೆ, ಇತ್ತ ತಿರುಗಿಸಿ ಅವಳಾಗುತ್ತಾನೆ. ನಾವು ನೋಡಿದ ಹದಿಮೂರು ಕಂತು ಒಂದು ದೀರ್ಘ ರಾಕುಗೊ, ಅದರ ಕೇಳುಗರು ಇಬ್ಬರೇ, ಕಥೆ ಕಟ್ಟಿದ್ದು ಅವರಲ್ಲೊಬ್ಬಳನ್ನು ಕಾಪಾಡಲು.

ಇದರಿಂದ ನ್ಯಾಯ ಸಿಗಬೇಕಾದವಳು ಮಿಯೊಕಿಚಿ. ಯಾಕುಮೊನ ಕಥೆಯಲ್ಲಿ ಅವಳು ಇಬ್ಬರು ಕಲಾವಿದರನ್ನು ಹಾಳುಮಾಡಿದ ಹೆಣ್ಣು: ನಸುನಗೆ, ಕಿಮೊನೊದ ಹಿಂದೆ ಕಾಣುವ ಕತ್ತು, ಸೇಡು. ಯಾರು ಹೇಳುತ್ತಿದ್ದಾರೆ ಎಂಬುದನ್ನು ಮರೆಯಬೇಡಿ. ಅವಳನ್ನು ಪ್ರೀತಿಸಿ, ಬಡ್ತಿಯ ಹೊತ್ತಿಗೆ ಕೈಬಿಟ್ಟವನು. ಮಂಚೂರಿಯಾದಲ್ಲಿ ದಿಕ್ಕಿಲ್ಲದೆ ಸಿಕ್ಕಿಬಿದ್ದು, ಮುದುಕ ಗುರುವಿನ ಆಶ್ರಯದಲ್ಲಿ ಬದುಕಿ, ಕೊನೆಗೆ ಕುಡುಕನ ಹೆಂಡತಿಯಾದ ಅವಳಿಗೆ ಆಯ್ಕೆ ಎಂಬುದು ಯಾವಾಗ ಸಿಕ್ಕಿತ್ತು? ಅವಳ ಅಳು ಅವಳದೋ, ಕಿಕುಹಿಕೊ ಕಂಡ ಅವಳದೋ? ಒಂದು ಕಂತಿನಲ್ಲಿ ಅವನು ‘ಶಿನಾಗಾವಾ ಶಿಂಜು’ ಹೇಳುತ್ತಾನೆ. ದುಡ್ಡಿಲ್ಲದ ವೇಶ್ಯೆಯೊಬ್ಬಳು ಜೊತೆಗೆ ಸಾಯಲು ಗಿರಾಕಿಗಳಲ್ಲಿ ಯಾರು ಸಿಗುತ್ತಾರೆಂದು ಲೆಕ್ಕ ಹಾಕುವ ಕಥೆ. ಹೆಣ್ಣಿನ ದನಿ ಅವನಿಗೆ ಸಲೀಸು, ಸಭೆ ಮೈಮರೆಯುತ್ತದೆ. ಆ ದನಿ ಎಲ್ಲಿಂದ ಬಂತೆಂದು ಎರಡನೇ ಸಲ ನೋಡುವವರಿಗೆ ಬೇರೆ ಹೇಳಬೇಕಿಲ್ಲ.

ಕೂತಿರುವ ಮನುಷ್ಯನನ್ನು ಚಿತ್ರಿಸುವುದು ಅನಿಮೆ ಮಾಡುವವರಿಗೆ ಶಿಕ್ಷೆಯೇ ಸರಿ. ಓಟವಿಲ್ಲ, ಹಾರಾಟವಿಲ್ಲ. ಡೀನ್‌ನವರು ಸಣ್ಣ ಸಣ್ಣ ಕಡೆ ಕಣ್ಣಿಟ್ಟಿದ್ದಾರೆ. ಅಭ್ಯಾಸವಿಲ್ಲದವನ ಕತ್ತಿನ ಬೆವರು. ಬೀಸಣಿಗೆ ನೆಲಕ್ಕೆ ತಾಗಿದ ಟಕ್ ಸದ್ದು. ಮಂಡಿಯಡಿ ಒತ್ತಿಕೊಂಡ ಕಾಲ್ಬೆರಳು. ಮತ್ತೆ ಕೇಳುಗರು: ಬೀಡಿ ಸೇದುತ್ತಿದ್ದವನು ಹೊಗೆ ಬಿಡುವುದನ್ನೇ ಮರೆತದ್ದು, ಆಕಳಿಸುತ್ತಿದ್ದವಳು ನೆಟ್ಟಗೆ ಕೂತದ್ದು. ಯುವಕ ಕಿಕುಹಿಕೊನ ಕಥೆಗಳು ಸೋಲುವ ಕಂತುಗಳನ್ನು ಗಮನಿಸಿ. ಅವನು ಒಂದು ಮಾತೂ ತಪ್ಪುವುದಿಲ್ಲ, ಆದರೂ ಜನ ಕೆಮ್ಮುತ್ತಾರೆ. ಒಮ್ಮೆ ಕಾಬುಕಿ ಅಣಕದಲ್ಲಿ ಹೆಣ್ಣುವೇಷ ಹಾಕಿ ಬೆಂತೆನ್ ಕೊಝೊ ಪಾತ್ರ ಮಾಡಿದಾಗ ಮೊದಲ ಬಾರಿ ಸಭೆಯ ನೋಟ ತನ್ನ ಮೇಲೆ ನಿಂತದ್ದು ಅವನಿಗೆ ಗೊತ್ತಾಗುತ್ತದೆ. ಸುಕೆರೊಕು ಜನರಿಗಾಗಿ ಹೇಳುತ್ತಾನೆ, ಇವನು ತನಗೊಂದು ಜಾಗ ಬೇಕೆಂದು ಹೇಳುತ್ತಾನೆ. ಅದು ತಪ್ಪೆಂದು ಸರಣಿ ಎಲ್ಲೂ ತೀರ್ಪು ಕೊಡುವುದಿಲ್ಲ, ಅದು ನನಗೆ ತುಂಬ ಹಿಡಿಸಿತು.

ಅರ್ಧ ಕೆಲಸ ಕಂಠದ್ದು. ಅಕಿರಾ ಇಶಿದಾ ಹದಿಹರೆಯದ ಕಿಕುಹಿಕೊನಿಂದ ಉಬ್ಬಸದ ಮುದುಕನವರೆಗೆ ಒಂದೇ ದನಿಯನ್ನು ಸವೆಸುತ್ತ ಹೋಗುತ್ತಾರೆ. ಸುಕೆರೊಕು ಕೊಯಿಚಿ ಯಮಾದೆರಾ, ಯೊತಾರೊ ತೊಮೊಕಾಝು ಸೆಕಿ, ಮಿಯೊಕಿಚಿ ಮೆಗುಮಿ ಹಾಯಾಶಿಬಾರಾ. ಸಂಗೀತಗಾರ್ತಿ ಶೀನಾ ರಿಂಗೊ ಬರೆದುಕೊಟ್ಟ ಮೊದಲ ಭಾಗದ ಶೀರ್ಷಿಕೆ ಗೀತೆ ಹಾಡಿದವರೂ ಹಾಯಾಶಿಬಾರಾ ಅವರೇ. ಹಳೆಯ ಅನಿಮೆ ಹುಚ್ಚಿನವರಿಗೆ ಇಲ್ಲೊಂದು ಮೋಜಿದೆ. 1995ರ ‘ಎವಾಂಗೆಲಿಯನ್’ನಲ್ಲಿ ಕಾವೊರು, ಕಾಜಿ, ತೊಜಿ, ರೇ ಆಗಿದ್ದವರು ಈ ನಾಲ್ವರೇ. ಆಗ, ಕಾಜಿಯೊಬ್ಬನನ್ನು ಬಿಟ್ಟರೆ, ಹದಿಹರೆಯದ ಮಕ್ಕಳಾಗಿ ಮಾತಾಡಿದ ದನಿಗಳು ಇಪ್ಪತ್ತು ವರ್ಷಗಳ ಮೇಲೆ ಬೇಸತ್ತು, ಮಾಗಿ, ಇಲ್ಲಿ ಮತ್ತೆ ಸೇರಿವೆ. ಆ ಸರಣಿ ನೋಡಿ ದೊಡ್ಡವರಾದವರಿಗೂ ಅಷ್ಟೇ ವಯಸ್ಸಾಗಿದೆ.

ಕಥೆಯ ಹಿನ್ನೆಲೆ ಕಟ್ಟುಕತೆಯಲ್ಲ. ಐದನೆಯ ಕೊಕೊನ್‌ತೆಯ್ ಶಿನ್‌ಶೊ, ಆರನೆಯ ಸಾನ್‌ಯೂತೆಯ್ ಎನ್‌ಶೊ ಎಂಬ ದಿಗ್ಗಜರು 1945ರಲ್ಲಿ ಮಂಚೂರಿಯಾಕ್ಕೆ ಹೋಗಿ, ಯುದ್ಧ ಮುಗಿದರೂ ಬರಲಾಗದೆ 1947ರವರೆಗೆ ಸಿಕ್ಕಿಕೊಂಡದ್ದುಂಟು. 1941ರಲ್ಲಿ ಕಾಲಕ್ಕೆ ತಕ್ಕುದಲ್ಲವೆಂದು 53 ಕಥೆಗಳನ್ನು ಕಥೆಗಾರರು ತಾವೇ ತಡೆಹಿಡಿದು, ಟೋಕಿಯೊದ ಅಸಾಕುಸಾ ಬಳಿಯ ಹೊಂಪೊಜಿ ದೇವಾಲಯದಲ್ಲಿ ಅವಕ್ಕೊಂದು ಸಮಾಧಿ ಕಲ್ಲು ನಿಲ್ಲಿಸಿದರು. ಹೆಚ್ಚಿನವು ವೇಶ್ಯಾವಾಟಿಕೆ, ಹಾದರ, ಕುಡಿತದ ಕಥೆಗಳು. ಎಂದರೆ ಜನ ಇಷ್ಟಪಡುತ್ತಿದ್ದವು. ಯುದ್ಧ ಮುಗಿದ ಮೇಲೆ 1946ರಲ್ಲಿ ಕಥೆಗಳು ಗೋರಿಯಿಂದ ಎದ್ದುಬಂದವು. ಅದೇ ವರ್ಷ ಕಟ್ಟಿದ ಶಿಂಜುಕುವಿನ ಸುಎಹಿರೊತೆಯ್ ಎಂಬ ಮರದ ಯೊಸೆ ಇವತ್ತಿಗೂ ನಡೆಯುತ್ತಿದೆ. ಸರಣಿಯಲ್ಲಿ ಬರುವ ರಂಗಮಂದಿರ ನೋಡಿದರೆ ಇದರದೇ ನೆನಪಾಗುತ್ತದೆ.

ಎರಡನೇ ಭಾಗಕ್ಕೆ ನನ್ನ ತಕರಾರಿದೆ. ಹಿಗುಚಿ ಎಂಬ ಲೇಖಕ ಹೊಸ ರಾಕುಗೊ ಬರೆಯುತ್ತೇನೆಂದು ಬರುತ್ತಾನೆ. ಹಳೆಯದನ್ನು ಹಾಗೇ ಹೇಳಬೇಕೇ, ಹೊಸದು ಕಟ್ಟಬೇಕೇ ಎಂಬ ಜಗಳ ಚೆನ್ನಾಗಿ ಕಾವೇರುತ್ತದೆ. ಆದರೆ ಅವನು ಚಿಕ್ಕಂದಿನಲ್ಲಿ ಮಿಯೊಕಿಚಿಯನ್ನು ಬಲ್ಲವನೂ ಹೌದು ಎಂದಾಗ ಇದು ತೀರಾ ಅನುಕೂಲದ ಕಾಕತಾಳೀಯ ಅನಿಸುತ್ತದೆ. ಸುಕೆರೊಕು ಕಥೆ ಹೇಳುವ ಹಳೆಯ ಫಿಲ್ಮ್ ಸುರುಳಿ ಸಿಗುವುದೂ ಹಾಗೆಯೇ, ಆದರೆ ಆ ದೃಶ್ಯ ಎಷ್ಟು ಚೆನ್ನಾಗಿದೆಯೆಂದರೆ ಬೈಯಲು ಮನಸ್ಸು ಬಾರದು.

ಹೆಚ್ಚು ಜನ ಮುನಿದದ್ದು ಕೊನೆಯ ಕಂತಿಗೆ. ಕೊನಾತ್ಸುವಿನ ಮಗನ ತಂದೆ ಯಾರೆಂದು ಅವಳು ಯಾರಿಗೂ ಹೇಳಿಲ್ಲ. ಯೊತಾರೊ ಕೇಳದೆಯೇ ಆ ಮಗುವಿಗೆ ಅಪ್ಪನಾದವನು. ವರ್ಷಗಳಾದ ಮೇಲೆ ಹಿಗುಚಿ ತನ್ನ ಊಹೆ ಮುಂದಿಡುತ್ತಾನೆ: ತಂದೆ ಯಾಕುಮೊನೇ ಇರಬಹುದೇ? ಸಾಕಿದ ಮಗಳು, ಸಾಕಿದವನು. ಕೇಳಿದವರ ಮೈ ಉರಿಯುತ್ತದೆ. ನನಗೂ ಮೊದಲು ಉರಿದಿತ್ತು. ಕುಮೊತಾ ಇದನ್ನು ಬಿಟ್ಟಿದ್ದರೆ ಏನು ನಷ್ಟವಾಗುತ್ತಿತ್ತು ಎಂದು ಈಗಲೂ ಕೇಳಬಲ್ಲೆ.

ಆದರೆ ಆ ಹೊತ್ತಿಗೆ ಕೊನಾತ್ಸು ಯಾರು ಎಂಬುದನ್ನು ಮೊದಲ ಸಲ ನೋಡುವಾಗ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹುಡುಗಿಯರಿಗಲ್ಲ ಎಂದು ಬಾಗಿಲಾಚೆ ಇಟ್ಟಿದ್ದ ಕಲೆಯನ್ನು ಕಲಿತು, ಅವಳು ಈಗ ಆ ಜಗತ್ತಿನ ಮೊದಲ ಮಹಿಳಾ ಕಥೆಗಾರ್ತಿ. ನಿಜವಾದ ಟೋಕಿಯೊದಲ್ಲಿಯೂ ಹೆಣ್ಣುಮಕ್ಕಳು ಶಿನ್‌ಉಚಿ ಪಟ್ಟಕ್ಕೇರಲು 1993 ಬರಬೇಕಾಯಿತು. ಹಿಗುಚಿ ಕೇಳಿದಾಗ ಅವಳು ಹೌದೆನ್ನುವುದಿಲ್ಲ, ಅಲ್ಲವೆನ್ನುವುದೂ ಇಲ್ಲ. ಎದುರಿಗಿರುವವನು ಪೆನ್ನು ಹಿಡಿದು ಕಾದಿರುವ ಬರಹಗಾರ. ಇವಳು ಯಾಕುಮೊ ಸಾಕಿದವಳು, ಸುಕೆರೊಕುವಿಗೆ ಹುಟ್ಟಿದವಳು. ಬಂದವನಿಗೆ ಬೇಕಾದ ಕಥೆ ಯಾವುದೆಂದು ಅವಳಿಗೆ ತಿಳಿಯದೇ? ಅವನು ನಂಬುವುದಾದರೆ ನಂಬಲಿ ಎಂಬಂತೆ ಬಿಟ್ಟು, ಎದ್ದು ತನ್ನ ಕೆಲಸಕ್ಕೆ ಹೋಗುತ್ತಾಳೆ.